ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್: ಬೀದಿಯ ಬೆಳಕಿಗೆ ಒಗ್ಗುವ ರೀಲು

ಯಾವ ಸಿದ್ಧತೆಯೂ ಇಲ್ಲದೆ ಬೀದಿಯಲ್ಲಿ ನಡೆಯುತ್ತಾ ಕಪ್ಪು-ಬಿಳುಪು ಚಿತ್ರ ತೆಗೆಯುವವರಿಗೆ ಬೇಕಾದುದು, ಬೆಳಕಿನ ಲೆಕ್ಕ ತುಸು ತಪ್ಪಿದರೂ ಕೈಬಿಡದ ಫಿಲ್ಮ್. ಏಳು ರೀಲುಗಳನ್ನು ಬಳಸಿ ನೋಡಿದ ಮೇಲೆ, ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಂಥದ್ದೇ ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ.

ಎಚ್‌ಪಿ ಹೆಸರಿನ ಫಿಲ್ಮುಗಳ ಪರಂಪರೆ 1935ರಷ್ಟು ಹಳೆಯದು. ಈಗ ಸಿಗುವ ‘ಪ್ಲಸ್’ ಬಂದದ್ದು 1989ರಲ್ಲಿ. ಇದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಐಎಸ್‌ಒ 400. ಬಿರುಬಿಸಿಲಿಗೆ ಲೆನ್ಸಿನ ಕಿಂಡಿ ಎಫ್/16, ಶಟರ್ 1/500 ಸೆಕೆಂಡು; ಕಟ್ಟಡದ ನೆರಳಿಗೆ ಎಫ್/8, 1/250 ಸೆಕೆಂಡು ಎಂದು ನೆನಪಿಟ್ಟುಕೊಂಡರೆ ಬೆಳಕು ಅಳೆಯುವ ಮೀಟರನ್ನು ಪದೇ ಪದೇ ನೋಡಬೇಕಾಗಿಲ್ಲ. 35 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿ ಮೂರು ಮೀಟರಿಗೆ ಹೊಂದಿಸಿಟ್ಟರೆ, ಸುಮಾರು ಎರಡರಿಂದ ಏಳು ಮೀಟರಿನೊಳಗೆ ಇರುವುದೆಲ್ಲ ಸ್ಪಷ್ಟವಾಗಿ ಮೂಡುತ್ತದೆ.

ಮೂರನೆಯ ರೀಲಿನ ಒಂದು ಚಿತ್ರದಿಂದ ಈ ಫಿಲ್ಮಿನ ಗುಣ ನನಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಕುಳಿತ ವೃದ್ಧರೊಬ್ಬರು ಹರಿದ ಕೊಡೆಯನ್ನು ಹೊಲಿಯಲೆಂದು ಸೂಜಿಗೆ ದಾರ ಪೋಣಿಸುತ್ತಿದ್ದರು. ಅವರ ಕೈಗಳು ಬಿಸಿಲಿನಲ್ಲಿದ್ದವು, ಮಡಿಲಿನ ಕಪ್ಪು ಕೊಡೆ ನೆರಳಿನಲ್ಲಿತ್ತು. ಗಡಿಬಿಡಿಯಲ್ಲಿ ನಾನು ನೆರಳಿನ ಲೆಕ್ಕದಲ್ಲೇ ಕ್ಲಿಕ್ಕಿಸಿದ್ದರಿಂದ ಕೈಗಳಿಗೆ ಮೂರು ಸ್ಟಾಪ್‌ಗಳಷ್ಟು (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಬಿದ್ದಿತ್ತು. ಆದರೂ ನೆಗೆಟಿವ್‌ನಲ್ಲಿ ಬೆರಳ ಗೆಣ್ಣಿನ ಸುಕ್ಕುಗಳು, ಬೆಳಕಿಗೆ ಹಿಡಿದ ದಾರದ ಎಳೆ, ಕೊಡೆಯ ಮೇಲಿನ ಹಳೆಯ ಹೊಲಿಗೆ, ಎಲ್ಲವೂ ಉಳಿದಿದ್ದವು. ಹಿಂದಿನ ಗೋಡೆಯಲ್ಲಿ ಕಣ್ಣು ಕುಕ್ಕುವಷ್ಟು ಕೆಂಪಾದ ಭಿತ್ತಿಪತ್ರವೊಂದಿತ್ತು. ವರ್ಣಚಿತ್ರವಾಗಿದ್ದರೆ ನೋಟ ಮೊದಲು ಅಲ್ಲಿಗೇ ಹೋಗುತ್ತಿತ್ತು. ಇಲ್ಲಿ ಅದು ಗೋಡೆಯಷ್ಟೇ ಬೂದುಬಣ್ಣಕ್ಕೆ ತಿರುಗಿ ಹಿಂದೆ ಸರಿದು, ಸೂಜಿ ಹಿಡಿದ ಕೈಗಳಿಗೆ ಜಾಗ ಬಿಟ್ಟುಕೊಟ್ಟಿದೆ. ದಿನವೂ ಆ ಮೆಟ್ಟಿಲನ್ನು ದಾಟಿ ಹೋಗುವ ನಾನು ಅಂಥ ಏಕಾಗ್ರತೆಯನ್ನು ಅಲ್ಲಿ ಹಿಂದೆಂದೂ ಗಮನಿಸಿರಲಿಲ್ಲ.

ಅಚ್ಚಗಪ್ಪು ಮತ್ತು ಅಚ್ಚಬಿಳುಪಿನ ತೀವ್ರತೆಯನ್ನು ಬಯಸುವವರಿಗೆ ಇದರ ಮೃದುವಾದ ಬೂದುಛಾಯೆಗಳು ಮೊದಲ ನೋಟಕ್ಕೆ ಸಪ್ಪೆ ಎನಿಸಬಹುದು. ನನಗಂತೂ ಈ ಮೃದುತ್ವವೇ ಇಷ್ಟ. ಕಾಂಟ್ರಾಸ್ಟನ್ನು ಆಮೇಲೆ ಹೆಚ್ಚಿಸಿಕೊಳ್ಳಬಹುದು, ಆದರೆ ನೆಗೆಟಿವ್‌ನಲ್ಲೇ ಇಲ್ಲದ ವಿವರವನ್ನು ಆಮೇಲೆ ತರಲಾಗದು. ಮೊದಲ ರೀಲನ್ನು ಡೆವಲಪ್ ಮಾಡಿಕೊಟ್ಟ ಲ್ಯಾಬಿನವರು ಸ್ಕ್ಯಾನ್ ಮಾಡುವಾಗ ಕಾಂಟ್ರಾಸ್ಟ್ ವಿಪರೀತ ಏರಿಸಿದ್ದರಿಂದ ಮುಖಗಳೆಲ್ಲ ಸುಣ್ಣ ಬಳಿದಂತೆ ಕಂಡಿದ್ದವು, ನಾನು ಫಿಲ್ಮನ್ನೇ ದೂರಿದ್ದೆ. ಅದೇ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ಕಳೆದುಹೋಗಿದೆ ಎಂದುಕೊಂಡಿದ್ದ ವಿವರಗಳೆಲ್ಲ ಅಲ್ಲೇ ಇದ್ದವು. ಅಂದಿನಿಂದ ಮನೆಯಲ್ಲೇ ಡೆವಲಪ್ ಮಾಡುತ್ತಿದ್ದೇನೆ: ನೀರು ಬೆರೆಸದ ಐಡಿ-11 ದ್ರಾವಣದಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಏಳೂವರೆ ನಿಮಿಷ.

ಸಂಜೆಯ ಬೀದಿದೀಪಗಳಿಗಾಗಿ 1600ಕ್ಕೆ ಪುಶ್ ಮಾಡಿ (ಐಎಸ್‌ಒ 1600 ಎಂದೇ ಎಣಿಸಿ ಚಿತ್ರ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿ) ಎರಡು ರೀಲುಗಳನ್ನು ಮುಗಿಸಿದ್ದೇನೆ. ಗ್ರೇನ್ (ಚಿತ್ರದಲ್ಲಿ ಕಾಣುವ ಕಣ) ದಪ್ಪವಾಗುತ್ತದೆ, ನೆರಳುಗಳು ಮುಚ್ಚಿಕೊಳ್ಳುತ್ತವೆ. ಆದರೂ ಒದ್ದೆ ರಸ್ತೆಯ ಹೊಳಪು ಆ ಒರಟುತನದಲ್ಲಿ ಚೆಲುವಾಗಿಯೇ ಕಾಣುತ್ತದೆ. 3200ರವರೆಗೂ ಹೋಗಬಹುದಾದರೂ ಮುಖಗಳ ವಿವರ ಬೇಕೆನ್ನುವವರು 1600ಕ್ಕೇ ನಿಲ್ಲುವುದು ಒಳಿತು.