ಕ್ಯಾಮ್ ಸೆನ್ಸರ್ ಪತ್ತೆ: ಸ್ಕ್ಯಾನರ್, ಹೊಸ ಸೆನ್ಸರ್, ಮಲ್ಟಿಮೀಟರ್ ಮೂರನ್ನೂ ಮಾಡಿ ನೋಡಿದೆ

ಬೆಳಿಗ್ಗೆ ಉಡುಪಿಯಲ್ಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ, ಪಡುಬಿದ್ರಿಯಲ್ಲಿ ಚಾ ಕುಡಿದು ಬರುವಷ್ಟರಲ್ಲಿ ಹಟ ಹಿಡಿಯುತ್ತಿತ್ತು. ಎಂಟು ಹತ್ತು ಸೆಕೆಂಡು ಸೆಲ್ಫ್ ಹೊಡೆಯಬೇಕು. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಮಂಗಳೂರಿನವರೆಗೂ ತಕರಾರಿಲ್ಲ. ಇಂಜಿನ್ ಲೈಟ್ ಮಾತ್ರ ಉರಿಯುತ್ತಲೇ ಇತ್ತು.

ಮೊದಲು ನಂಬಿದ್ದು ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರನ್ನು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ್ದೇ ಪಿ0340 ಎಂದಿತು. ಅದು ಕ್ಯಾಮ್ ಸೆನ್ಸರಿನ ಕೋಡ್; ಇಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್ ದಂಡ ಎಲ್ಲಿಗೆ ತಿರುಗಿದೆ ಎಂದು ಹೇಳುವ ಸೆನ್ಸರ್ ಅದು. ಈ ಕೋಡ್ ನೋಡಿ ಸೆನ್ಸರ್ ಹೋಯಿತು ಅಂದುಕೊಳ್ಳುವವರೇ ಜಾಸ್ತಿ, ನಾನೂ ಹಾಗೇ ಅಂದುಕೊಂಡೆ. ಕೋಡ್ ಹೇಳುವುದು ಸರ್ಕ್ಯೂಟಿನಲ್ಲಿ ದೋಷ ಉಂಟು ಎಂದಷ್ಟೆ; ಸರ್ಕ್ಯೂಟ್ ಅಂದರೆ ಸೆನ್ಸರ್, ವಯರ್, ವಯರನ್ನು ಸೆನ್ಸರಿಗೆ ಸೇರಿಸುವ ಕಪ್ಲರ್, ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಎಲ್ಲ ಬಂತು. ಸ್ಕ್ಯಾನರಿನ ನಿಜವಾದ ಉಪಯೋಗ ಬೇರೆ ಕಡೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 200ರ ಆಸುಪಾಸು ತೋರಿಸಿದರೆ, ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುವುದನ್ನು ನೋಡುವ ಕ್ರ್ಯಾಂಕ್ ಸೆನ್ಸರ್ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಸಾಮಾನ್ಯವಾಗಿ ಓಡುತ್ತಿರುವ ಇಂಜಿನ್ನೇ ನಿಲ್ಲುತ್ತದೆ. ಕ್ಯಾಮ್ ಸೆನ್ಸರ್ ಹೋದರೆ, ಯಾವ ಸಿಲಿಂಡರಿನ ಸರದಿ ಎಂದು ಇಸಿಯುಗೆ ತಿಳಿಯದೆ ಸ್ಟಾರ್ಟ್ ಆಗುವುದು ತಡ. ಆಮೇಲೆ ಹಲವು ಗಾಡಿಗಳು ಕ್ರ್ಯಾಂಕ್ ಸಿಗ್ನಲ್ಲಿನ ಮೇಲೆಯೇ ಓಡಿಬಿಡುತ್ತವೆ.

ಎರಡನೆಯದು, ನೇರ ಹೊಸ ಸೆನ್ಸರ್. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಒಂದು ಬೋಲ್ಟ್ ಬಿಚ್ಚಿ ಹತ್ತು ನಿಮಿಷದಲ್ಲಿ ಹಾಕಿಕೊಟ್ಟರು. ಒಂಬತ್ತು ದಿನ ಚೆನ್ನಾಗಿತ್ತು. ಹತ್ತನೇ ದಿನ ಮತ್ತೆ ಅದೇ ಕೋಡ್.

ಆಗ ಮಲ್ಟಿಮೀಟರ್ ತಂದೆ. ನನ್ನ ಗಾಡಿಯ ಸೆನ್ಸರಿಗೆ ಮೂರು ವಯರ್: 5 ವೋಲ್ಟಿನದು, ಅರ್ಥ್, ಸಿಗ್ನಲ್. ಕೆಲವು ಗಾಡಿಗಳಲ್ಲಿ 5ರ ಬದಲು 12 ವೋಲ್ಟ್ ಇರುತ್ತದೆ. ತಣ್ಣಗಿದ್ದಾಗ ಎಲ್ಲ ಸರಿ. ಅರ್ಧ ಗಂಟೆ ಓಡಿಸಿ ಬಂದು, ಕೀ ಆನ್ ಮಾಡಿ, ಕಪ್ಲರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ 5 ವೋಲ್ಟಿನ ವಯರಿಗೆ ಮೀಟರ್ ಹಿಡಿದೆ. 4.9. ವಯರನ್ನು ಬೆರಳಿನಿಂದ ಮೆಲ್ಲ ಅಲುಗಿಸಿದೆ. 1.7ಕ್ಕೆ ಇಳಿಯಿತು, ಬಿಟ್ಟರೆ ಮತ್ತೆ ಏರಿತು. ಕಪ್ಲರ್ ಎಳೆದು ಟಾರ್ಚ್ ಬಿಟ್ಟರೆ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ನಮ್ಮ ಕಡಲ ಗಾಳಿ, ನಾಲ್ಕು ತಿಂಗಳ ಮಳೆ. ಬೇರೆ ಕಾರಣ ಹುಡುಕಬೇಕಾಗಿಲ್ಲ. ಸೆನ್ಸರ್ ಬದಲಿಸುವಾಗ ಕಪ್ಲರ್ ಎಳೆದು ಸಿಕ್ಕಿಸಿದ್ದರಿಂದ ಪಿನ್ ಉಜ್ಜಿಕೊಂಡು ಆ ಒಂಬತ್ತು ದಿನ ನಡೆದಿರಬೇಕು.

ಭಾವನ ಗಾಡಿಗೂ ಪಿ0340 ಬಂದಿತ್ತು. ಅಲ್ಲಿ ಬಿಸಿಯಲ್ಲೂ 5 ವೋಲ್ಟ್, ಅರ್ಥ್ ಎರಡೂ ಅಲುಗಲಿಲ್ಲ. ಸಿಗ್ನಲ್ ನೋಡುವುದು ಸ್ವಲ್ಪ ತಾಳ್ಮೆಯ ಕೆಲಸ. ಇಂಜಿನ್ ಓಡುವಾಗ ಮೀಟರ್ 0, 5ರ ನಡುವಿನ ಯಾವುದೋ ಅಂಕಿ ತೋರಿಸುತ್ತದೆ, ಪ್ರಯೋಜನವಿಲ್ಲ. ಇಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯೆಲ್ ಪಂಪಿನ ಫ್ಯೂಸ್, ಕಾಯಿಲ್ ಕಪ್ಲರ್‌ಗಳನ್ನು ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಲ್ಲಿ ನಿಧಾನ ತಿರುಗಿಸಿದೆವು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ತಣ್ಣಗಿದ್ದಾಗ 0, 5, 0, 5 ಎಂದು ಹಾರುತ್ತಿದ್ದ ಅಂಕಿ ಬಿಸಿಯಲ್ಲಿ 5ಕ್ಕೇ ಅಂಟಿಕೊಂಡಿತು. ಸೆನ್ಸರೇ ಹೋಗಿತ್ತು.

ಒಂದನ್ನೇ ಕೊಳ್ಳುವುದಾದರೆ ನಾನು ಮಲ್ಟಿಮೀಟರನ್ನೇ ಕೊಳ್ಳುತ್ತೇನೆ. ಕೋಡನ್ನು ಸ್ಕ್ಯಾನರ್ ಇರುವ ಯಾವ ಗ್ಯಾರೇಜಿನಲ್ಲೂ ಓದಿಸಿಕೊಳ್ಳಬಹುದು. ಕ್ಯಾಮ್ ಸಿಗ್ನಲ್ ಬರುತ್ತಿದ್ದರೂ ಸರಿಯಿಲ್ಲ ಎನ್ನುವ ಪಿ0341 ಬಂದು, ಜೊತೆಗೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನಿನ ಸದ್ದೂ ಇದ್ದರೆ ಮೊದಲು ಚೈನ್ ತೋರಿಸಿ.

ಭಾವನ ಗಾಡಿಗೆ ಒರಿಜಿನಲ್ ಸೆನ್ಸರ್ ಹಾಕಿಸಿದೆವು. ನನ್ನದಕ್ಕೆ ಪಿನ್ ಬದಲಿಸಿ, ಬಿಚ್ಚಿಟ್ಟಿದ್ದ ಹಳೇ ಸೆನ್ಸರನ್ನೇ ಮತ್ತೆ ಹಾಕಿದೆ. ಒಂದು ಮಳೆಗಾಲ ದಾಟಿತು, ಪಡುಬಿದ್ರಿಯಲ್ಲೂ ಒಂದೇ ಸೆಲ್ಫ್.