ಬ್ಯಾರಿಕೇಡಾ, ಪಿಟ್ಟಾ, ಸೌಂಡ್ ಡೆಸ್ಕಾ? ಮೂರೂ ಕಡೆ ನಿಂತು ನೋಡಿದ ಮೇಲೆ ಒಂದು ಹೋಲಿಕೆ

ಹೆವಿ ಮೆಟಲ್ ಮ್ಯೂಸಿಕ್ ಶೋಗಳಿಗೆ ಹೋಗೋರ ಮಧ್ಯೆ ಯಾವತ್ತೂ ಮುಗೀದ ಜಗಳ ಅಂದ್ರೆ ಎಲ್ಲಿ ನಿಂತ್ಕೋಬೇಕು ಅನ್ನೋದು. ಮುಂದೆ ಸ್ಟೇಜ್ ಎದುರಿನ ಬ್ಯಾರಿಕೇಡ್ ಹಿಡ್ಕೊಂಡು ನಿಲ್ಲೋರಿಗೆ ಹಿಂದೆ ನಿಲ್ಲೋರು ಫ್ಯಾನ್‌ಗಳೇ ಅಲ್ಲ, ಪಿಟ್‌ನಲ್ಲಿ, ಅಂದ್ರೆ ಜನ ಒಬ್ರಿಗೊಬ್ರು ಡಿಕ್ಕಿ ಹೊಡ್ಕೊಂಡು ಕುಣಿಯೋ ಜಾಗದಲ್ಲಿ, ಓಡೋರಿಗೆ ನಿಂತಲ್ಲೇ ತಲೆ ಆಡಿಸೋರನ್ನ ಕಂಡ್ರೆ ಆಗಲ್ಲ, ಇಂಜಿನಿಯರ್ ಸದ್ದು ಹದ ಮಾಡೋ ಸೌಂಡ್ ಡೆಸ್ಕ್ ಪಕ್ಕ ಕೈಕಟ್ಕೊಂಡು ನಿಲ್ಲೋರು ಇವ್ರಿಬ್ರಿಗೂ ಮ್ಯೂಸಿಕ್ ಎಲ್ಲಿ ಕೇಳ್ಸುತ್ತೆ ಬಿಡಿ ಅಂತಾರೆ. ನಾನು ಮೂರೂ ಕಡೆ ನಿಂತಿದೀನಿ, ಬೇರೆ ಬೇರೆ ಥರದ ಬ್ಯಾಂಡ್‌ಗಳಿಗೆ, ದೊಡ್ಡ ಮೈದಾನದಲ್ಲೂ ನೂರಿನ್ನೂರು ಜನ ಹಿಡಿಸೋ ಕ್ಲಬ್‌ನಲ್ಲೂ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಜಾಗ ಆರಿಸ್ಬೇಕಾಗಿರೋದು ಬ್ಯಾಂಡ್ ನೋಡ್ಕೊಂಡು, ಅದರಲ್ಲೂ ಅವ್ರ ಸ್ಪೀಡು ಮತ್ತೆ ಗಿಟಾರ್ ಎಷ್ಟು ಕೆಳಗೆ ಟ್ಯೂನ್ ಮಾಡಿದಾರೆ ಅನ್ನೋದು ನೋಡ್ಕೊಂಡು. ಥ್ರ್ಯಾಶ್‌ಗೆ, ಅಂದ್ರೆ ತುಂಬ ಸ್ಪೀಡಿನ ಮೆಟಲ್‌ಗೆ, ಹೇಳಿ ಮಾಡ್ಸಿದಂಥ ಜಾಗದಲ್ಲಿ ನಿಧಾನಕ್ಕೆ, ಭಾರವಾಗಿ ಹೋಗೋ ಡೂಮ್ ಕೇಳಿದ್ರೆ ಅರ್ಧ ಸತ್ತೇ ಹೋಗುತ್ತೆ.

ಮೊದ್ಲು ಬ್ಯಾರಿಕೇಡ್. ಇಲ್ಲಿ ಹಬ್ಬ ಇರೋದು ಕಣ್ಣಿಗೆ. ರಿದಮ್ ಗಿಟಾರಿಸ್ಟ್‌ನ ಬಲಗೈನ ಹತ್ತಡಿ ದೂರದಿಂದ ನೋಡೋ ಸುಖ ಬೇರೆಲ್ಲೂ ಸಿಗಲ್ಲ. ಅಂಗೈ ಅಂಚನ್ನ ಬ್ರಿಡ್ಜ್ ಮೇಲೆ ಒತ್ಕೊಂಡು ಪಾಮ್ ಮ್ಯೂಟ್ ಮಾಡ್ತಾರಲ್ಲ, ಆ ಅಂಚು ಕೂದಲೆಳೆಯಷ್ಟು ಮುಂದೆ ಹೋದ್ರೆ ತಂತಿ ಉಸಿರುಗಟ್ಟಿ ಬರೀ ಟಕ್ ಟಕ್ ಅನ್ನುತ್ತೆ, ಸ್ವಲ್ಪ ಹಿಂದೆ ಬಂದ್ರೆ ಅದೇ ತಂತಿ ತುಂಬ್ಕೊಂಡು ಜಗ್ ಜಗ್ ಅಂತ ಗುದ್ದುತ್ತೆ, ಇದನ್ನ ಅವ್ರು ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಮಧ್ಯದಲ್ಲೇ ಅಷ್ಟು ಸ್ಪೀಡಲ್ಲಿ ಆಚೆ ಈಚೆ ಮಾಡ್ತಿರ್ತಾರೆ. ರೆಕಾರ್ಡಿಂಗ್‌ನಲ್ಲಿ ವರ್ಷಗಟ್ಲೆ ಕೇಳಿದ್ರೂ ನನಗೆ ಇದು ಗೊತ್ತಾಗಿದ್ದು ಬ್ಯಾರಿಕೇಡ್‌ನಲ್ಲೇ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಡೌನ್ ಪಿಕಿಂಗ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡ್ತಾರೆ ಅಂತ ಅನುಮಾನ ಇದ್ದೋರು ಇಂಥ ಬಲಗೈ ಒಂದನ್ನ ಹತ್ತಿರದಿಂದ ಒಂದು ಹಾಡಿನಷ್ಟು ಹೊತ್ತು ನೋಡ್ಬೇಕು. ಕೈ ಮೇಲೆ ಕೆಳಗೆ ಎರಡೂ ಕಡೆ ಹೊಡೆದ್ರೆ ಅರ್ಧ ಶ್ರಮ ಉಳಿಯುತ್ತೆ, ಆದ್ರೆ ಬರೀ ಕೆಳಕ್ಕೆ ಹೊಡೆದಾಗ್ಲೇ ಪ್ರತಿಯೊಂದು ಪೆಟ್ಟೂ ಒಂದೇ ತೂಕಕ್ಕೆ ಬೀಳೋದು.

ಆದ್ರೆ ಕಿವಿಗೆ? ಬ್ಯಾರಿಕೇಡ್‌ನಲ್ಲಿ ಸೌಂಡ್ ನಿಜವಾಗ್ಲೂ ಸರಿ ಇರಲ್ಲ. ದೊಡ್ಡ ಸ್ಪೀಕರ್‌ಗಳು ಮೇಲೆ ನೇತಾಡ್ತಿರ್ತವೆ, ಅವುಗಳ ಸದ್ದು ನಿಮ್ಮ ತಲೆ ಮೇಲಿಂದ ಹಾರಿ ಹಿಂದಿನವರಿಗೆ ಹೋಗುತ್ತೆ. ನಿಮಗೆ ಸಿಗೋದು ಕಾಲ ಬುಡದಲ್ಲಿರೋ ಸಬ್‌ವೂಫರ್‌ನ (ತೀರಾ ಕೆಳಗಿನ ಸದ್ದಿನ ಸ್ಪೀಕರ್) ಗುದ್ದು, ಡ್ರಮ್‌ನ ನೇರ ಸದ್ದು, ಎದುರಿಗಿರೋ ಗಿಟಾರಿಸ್ಟ್‌ನ ಆಂಪು (ಗಿಟಾರ್ ಸದ್ದನ್ನ ದೊಡ್ಡದು ಮಾಡೋ ಪೆಟ್ಟಿಗೆ). ಹಾಡೋರ ದನಿ ಎಲ್ಲೋ ಹಿಂದೆ. ಐರನ್ ಮೇಡನ್ 1999ರಿಂದ ಮೂರು ಗಿಟಾರ್ ಇಟ್ಕೊಂಡು ನುಡಿಸ್ತಿರೋ ಬ್ಯಾಂಡು, ಅಂಥದ್ದನ್ನ ಒಂದು ಮೂಲೆಯ ಬ್ಯಾರಿಕೇಡ್‌ನಿಂದ ಕೇಳಿದ್ರೆ ಹಾರ್ಮನಿಯ ಒಂದು ಎಳೆ ಮಾತ್ರ ಕೈಗೆ ಸಿಗುತ್ತೆ, ಉಳಿದದ್ದನ್ನ ನೆನಪಿನಿಂದ ತುಂಬ್ಕೋಬೇಕು. ಇನ್ನು ಈಗೀಗ ಸ್ಟೇಜ್ ಮೇಲೆ ಆಂಪೇ ಇಡದೆ ಡಿಜಿಟಲ್ ಬಾಕ್ಸ್‌ನಿಂದ ನೇರ ಸೌಂಡ್ ಡೆಸ್ಕ್‌ನ ಕನ್ಸೋಲ್‌ಗೆ ಕೊಡೋ ಬ್ಯಾಂಡ್‌ಗಳು ಜಾಸ್ತಿ ಆಗಿವೆ, ಅವ್ರು ತಮ್ಮ ಸದ್ದು ಕೇಳೋಕೆ ಕಿವಿಯೊಳಗಿನ ಮಾನಿಟರ್ ಹಾಕ್ಕೊಂಡಿರ್ತಾರೆ, ಆಗ ಮುಂದೆ ನಿಂತೋರಿಗೆ ಸ್ಟೇಜ್ ಅಂಚಲ್ಲಿಟ್ಟ ಸಣ್ಣ ಸ್ಪೀಕರ್‌ಗಳೇ ಗತಿ. ಡ್ರಮ್ ಹತ್ತಿರದಲ್ಲಿ, ಗಿಟಾರ್ ಮಾತ್ರ ಕಾಗದದ ಥರ ತೆಳ್ಳಗೆ.

ಮೈ ಕಷ್ಟನೂ ಲೆಕ್ಕಕ್ಕೆ ತಗೋಬೇಕು. ಹಿಂದಿನಿಂದ ಜನ ಒತ್ತಿದಾಗ ಆ ಕಬ್ಬಿಣದ ಸರಳು ಸರಿಯಾಗಿ ಪಕ್ಕೆಲುಬಿನ ಕೆಳಗೆ ಕೂರುತ್ತೆ, ಮೇಲಿಂದ ಜನರ ಕೈ ಮೇಲೆ ತೇಲ್ಕೊಂಡು ಕ್ರೌಡ್ ಸರ್ಫ್ ಮಾಡ್ಕೊಂಡು ಬರೋರ ಬೂಟು ಯಾವಾಗ ತಲೆಗೆ ತಾಗುತ್ತೋ ಗೊತ್ತಿಲ್ಲ, ಬಾತ್‌ರೂಮ್‌ಗೆ ಹೋದ್ರೆ ಆ ಜಾಗ ಹೋಯ್ತು ಅಂತ್ಲೇ ಅರ್ಥ. ಇಷ್ಟೆಲ್ಲ ಇದ್ರೂ ಹೈಸ್ಕೂಲ್‌ನಿಂದ ಪ್ರೀತಿಸ್ತಿರೋ ಬ್ಯಾಂಡ್ ಅಂದ್ರೆ ಬ್ಯಾರಿಕೇಡೇ, ಎರಡು ಮಾತಿಲ್ಲ. ಆ ಹಾಡುಗಳ ಒಂದೊಂದು ನೋಟೂ ಹೇಗಿದ್ರೂ ತಲೆಲಿದೆ, ಸೌಂಡ್ ಕೈಕೊಟ್ರೂ ನಡೆಯುತ್ತೆ, ಬೇಕಾಗಿರೋದು ಅವ್ರ ಮುಖ.

ಪಿಟ್ ವಿಷಯಕ್ಕೆ ಬಂದ್ರೆ, ಹೊರಗಿನಿಂದ ನೋಡೋರಿಗೆ ಅದು ಹೊಡೆದಾಟದ ಥರ ಕಾಣುತ್ತೆ, ಒಳಗಿರೋ ನಿಯಮಗಳು ಕಾಣಲ್ಲ. ಕಾರ್ನೆಲ್ ಯೂನಿವರ್ಸಿಟಿಯ ಫಿಸಿಕ್ಸ್‌ನವರು 2013ರಲ್ಲಿ ಮಾಶ್ ಪಿಟ್ ವಿಡಿಯೋಗಳನ್ನ ಹಿಡ್ಕೊಂಡು ಲೆಕ್ಕ ಹಾಕಿ, ಅಲ್ಲಿ ಜನ ಗ್ಯಾಸ್‌ನ ಕಣಗಳ ಥರ ಓಡಾಡ್ತಾರೆ, ಎಲ್ಲರೂ ಸುತ್ತ ಓಡೋ ಸರ್ಕಲ್ ಪಿಟ್ ಅಂದ್ರೆ ಸುಳಿ ಅಂತ ಪೇಪರ್ ಬರೆದಿದಾರೆ. ಇರಬಹುದು, ಆದ್ರೆ ಗ್ಯಾಸ್ ಕಣ ಬಿದ್ದೋರನ್ನ ಎತ್ತಲ್ಲ. ನಾನು ನೋಡಿದ ಪಿಟ್‌ಗಳಲ್ಲಿ ಯಾರಾದ್ರೂ ಕಾಲು ಜಾರಿ ಬಿದ್ರೆ ನೆಲ ಮುಟ್ಟಿ ಒಂದು ಸೆಕೆಂಡ್ ಆಗೋದ್ರೊಳಗೆ ನಾಲ್ಕೈದು ಕೈ ಕಂಕುಳಿಗೆ ಬಂದಿರುತ್ತೆ, ಒಬ್ಬ ಬೆನ್ನು ಕೊಟ್ಟು ಓಡಿಬರೋರನ್ನ ತಡೀತಾನೆ, ಇನ್ನೊಬ್ಬ ಕಳಚಿದ ಶೂನ ತಲೆ ಮೇಲೆ ಎತ್ತಿ ಹಿಡ್ಕೊಂಡು ಯಾರದ್ದು ಯಾರದ್ದು ಅಂತ ಕಿರುಚ್ತಾನೆ. ಮುಖ ಪರಿಚಯನೂ ಇಲ್ಲದ ಜನ ಇವ್ರು.

ಪಿಟ್ ಹುಟ್ಟಿರೋದೇ ಸ್ಪೀಡಿಗೆ. ಥ್ರ್ಯಾಶ್ ಬ್ಯಾಂಡ್ ಸ್ಲೇಯರ್ 1986ರಲ್ಲಿ ತಂದ ಆಲ್ಬಂ ಪೂರ್ತಿ ಸೇರಿಸಿದ್ರೂ ಅರ್ಧ ಗಂಟೆ ಆಗಲ್ಲ, ಹತ್ತು ಹಾಡು, ಉಸಿರು ತಗೊಳಕ್ಕೂ ಬಿಡಲ್ಲ, ಆ ಥರದ ಮ್ಯೂಸಿಕ್‌ನ ನಿಂತು ವಿಶ್ಲೇಷಣೆ ಮಾಡಕ್ಕಾಗಲ್ಲ, ಕಾಲು ತಾನಾಗೇ ಓಡುತ್ತೆ. ಪಿಟ್ ಒಳಗೆ ಸೋಲೋ ಕೇಳ್ಸಲ್ಲ, ಸಾಹಿತ್ಯ ಕೇಳ್ಸಲ್ಲ, ಕೇಳ್ಸೋದು ಸ್ನೇರ್ ಡ್ರಮ್ ಒಂದೇ. ಆದ್ರೆ ಟೆಂಪೋ ಅರ್ಧಕ್ಕೆ ಇಳಿಯೋ ಜಾಗ ಬರುತ್ತಲ್ಲ, ಅದಕ್ಕೆ ಮುಂಚೆ ಡ್ರಮ್ಮರ್ ಒಂದು ಫಿಲ್ (ಭಾಗ ಬದಲಾಗೋ ಮುಂಚೆ ಬರೋ ಚಿಕ್ಕ ಉರುಳಿಕೆ) ಹೊಡೀತಾನೆ, ಆ ಫಿಲ್‌ನಲ್ಲೇ ಸುತ್ತ ಇರೋ ಅಷ್ಟೂ ಜನರ ಭುಜ ಒಟ್ಟಿಗೆ ಕೆಳಗೆ ಇಳಿಯುತ್ತೆ, ಮುಂದೇನು ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಅದು ಮೈಯಲ್ಲಿ ಗೊತ್ತಾಗೋ ರೀತಿ ಬ್ಯಾರಿಕೇಡ್‌ನಲ್ಲೂ ಇಲ್ಲ ಡೆಸ್ಕ್ ಹತ್ರನೂ ಇಲ್ಲ. ಥ್ರ್ಯಾಶ್, ಹಾರ್ಡ್‌ಕೋರ್, ಗ್ರೈಂಡ್ ಈ ಮೂರು ಸ್ಪೀಡಿನ ಶೈಲಿಗಳಿಗೆ ನನ್ನ ಓಟು ಪಿಟ್‌ಗೆ, ಇಲ್ಲಾಂದ್ರೆ ಪಿಟ್‌ನ ಅಂಚಿಗೆ. ಅಂಚಲ್ಲಿ ನಿಂತು ಹೊರಗೆ ಬರೋರನ್ನ ಮತ್ತೆ ಒಳಕ್ಕೆ ತಳ್ಳೋದೂ ಒಂದು ಕೆಲಸನೇ.

ಮೆಶುಗ್ಗಾ ಥರದ ಬ್ಯಾಂಡ್‌ಗೆ ಮಾತ್ರ ಪಿಟ್ ಬೇಡ ಅನ್ಸುತ್ತೆ ನನಗೆ. ಎಂಟು ತಂತಿ ಗಿಟಾರು, ಡ್ರಮ್ಮರ್ ಕೈಯಲ್ಲಿ ಸಿಂಬಲ್ ನಾಲ್ಕರ ಲೆಕ್ಕದಲ್ಲಿ ಹೋಗ್ತಿದ್ರೆ ಅವನ ಕಾಲು ಮತ್ತೆ ಗಿಟಾರು ಬೇರೆ ಲೆಕ್ಕದಲ್ಲಿ ಸುತ್ತಿ ಸುತ್ತಿ ಎಷ್ಟೋ ಆವರ್ತ ಆದ್ಮೇಲೆ ಬಂದು ಕೂಡ್ಕೊಳ್ಳೋದು, ಹತ್ರಹತ್ರ ನಮ್ಮಲ್ಲಿ ತನಿ ಆವರ್ತನ ಕೇಳೋರು ತೊಡೆ ಮೇಲೆ ತಾಳ ಹಾಕ್ಕೊಂಡು ಕಾಯ್ತಾರಲ್ಲ ಹಾಗೇ ಕಾಯ್ಬೇಕು ಅದನ್ನ. ಓಡ್ತಾ ಲೆಕ್ಕ ತಪ್ಪುತ್ತೆ.

ಈಗ ಸೌಂಡ್ ಡೆಸ್ಕ್, ನಾನು ತುಂಬ ಹೊತ್ತು ಕಳೆಯೋ ಜಾಗ. ಹಾಲ್‌ನ ನಡುವೆ, ಸ್ಟೇಜ್‌ಗೆ ನೇರ ಎದುರಿಗೆ ಕನ್ಸೋಲ್ ಇಟ್ಕೊಂಡು ಇಂಜಿನಿಯರ್ ನಿಂತಿರ್ತಾರೆ, ಅವ್ರ ಕಿವಿಗೆ ಏನು ಸರಿ ಅನ್ಸುತ್ತೋ ಅದೇ ಆ ಶೋನ ಸೌಂಡು. ಒಂದು ಕ್ಲಬ್‌ನಲ್ಲಿ ಅಂಥ ಇಂಜಿನಿಯರ್ ಒಬ್ಬರ ಕೈಯನ್ನೇ ನೋಡ್ತಾ ಅರ್ಧ ಸೆಟ್ ಕಳೆದಿದೀನಿ. ಎರಡು ಬೆರಳು ಯಾವಾಗ್ಲೂ ಗಿಟಾರ್‌ನ ಫೇಡರ್ (ಸದ್ದು ಏರಿಸಿ ಇಳಿಸೋ ಗುಂಡಿ) ಮೇಲೆ, ಸೋಲೋ ಶುರುವಾಗೋಕೆ ಅರ್ಧ ಬೀಟ್ ಮುಂಚೆ ಒಂದು ಚೂರು ಮೇಲೆ, ಮುಗಿಯೋ ಹೊತ್ತಿಗೆ ಮತ್ತೆ ಕೆಳಗೆ, ಹಾಡುಗಾರ ಗ್ರೌಲ್‌ನಿಂದ (ಗುರುಗುಟ್ಟೋ ದನಿ) ಸ್ಕ್ರೀಮ್‌ಗೆ ಹೋದಾಗ ಇನ್ನೊಂದು ಕೈ ಅಲ್ಲಿಗೆ. ಅವ್ರಿಗೂ ಹಾಡುಗಳು ಬಾಯಿಪಾಠ. ಬ್ಯಾಂಡ್‌ನಲ್ಲಿ ಇನ್ನೊಬ್ಬ ಮೆಂಬರ್ ಇದ್ದಂಗೇ ಅವ್ರು, ಯಾರೂ ಅವ್ರ ಕಡೆ ತಿರುಗಿ ಚಪ್ಪಾಳೆ ಹೊಡೆಯಲ್ಲ ಅಷ್ಟೆ.

ಡೂಮ್ ಕೇಳೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕಾರಣ ಟ್ಯೂನಿಂಗ್. ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಮುಂದೆ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಆದ ಟೋನಿ ಅಯೋಮಿಯ ಎರಡು ಬೆರಳಿನ ತುದಿ ಮೆಷಿನ್‌ಗೆ ಸಿಕ್ಕಿ ಹೋಯ್ತು, ಪ್ಲಾಸ್ಟಿಕ್ ಬಾಟಲ್ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು ತೆಳ್ಳನೆ ತಂತಿ ಹಾಕ್ಕೊಂಡು ನುಡಿಸೋಕೆ ಶುರು ಮಾಡಿದ್ರು, ಆಮೇಲೆ 1971ರಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೂರನೇ ಆಲ್ಬಂ ಹೊತ್ತಿಗೆ ಗಿಟಾರ್‌ನ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗೆ ಇಳಿಸಿದ್ರು. ಸಡಿಲ ತಂತಿ, ಬೆರಳಿಗೆ ನೋವು ಕಮ್ಮಿ, ಸದ್ದು ಮಾತ್ರ ನೆಲದೊಳಗಿಂದ ಬಂದಂಗೆ. ಮಾಮೂಲಿ ಗಿಟಾರ್‌ನ ದಪ್ಪ ತಂತಿ 82 ಹರ್ಟ್ಜ್, ಇವ್ರದ್ದು 69ರ ಸುತ್ತ, ಬೇಸ್ ಗಿಟಾರ್ ಅದರ ಅರ್ಧ. ಆ ಅರ್ಧದ ಒಂದು ಅಲೆ ಹತ್ತು ಮೀಟರ್ ಉದ್ದ ಇರುತ್ತೆ. ಅಷ್ಟು ದೊಡ್ಡ ಅಲೆ ಹಾಲ್ ಒಳಗೆ ಗೋಡೆ ಗೋಡೆಗೆ ಬಡಿದು ವಾಪಸ್ ಬಂದು ಒಂದ್ಕಡೆ ಕೂಡ್ಕೊಳುತ್ತೆ, ಇನ್ನೊಂದ್ಕಡೆ ಒಂದನ್ನೊಂದು ಹೊಡೆದು ಹಾಕುತ್ತೆ. ಸಬ್‌ಗಳನ್ನ ಎಡಕ್ಕೊಂದು ಗುಂಪು ಬಲಕ್ಕೊಂದು ಗುಂಪು ಇಟ್ಟಿದ್ರೆ ಎರಡರ ಸದ್ದೂ ಒಟ್ಟಿಗೆ ಬಂದು ತಲುಪೋದು ನಟ್ಟನಡುವಿನ ಗೆರೆಗೆ ಮಾತ್ರ. ನೀವೇ ಟ್ರೈ ಮಾಡಿ: ಡೆಸ್ಕ್ ಎದುರು ನಿಂತು ಹಾಡಿನ ಮಧ್ಯೆ ಪಕ್ಕಕ್ಕೆ ನಡ್ಕೊಂಡು ಹೋಗಿ, ಕೆಲವೇ ಹೆಜ್ಜೆಗೆ ಎದೆ ಮೇಲಿನ ಗುದ್ದು ತೆಳ್ಳಗಾಗುತ್ತೆ, ಇನ್ನೊಂದಷ್ಟು ಹೋದ್ರೆ ಮತ್ತೆ ಬರುತ್ತೆ.

ಸನ್ ಅನ್ನೋ ಡ್ರೋನ್ (ಒಂದೇ ನಾದನ ಉದ್ದಕ್ಕೆ ಎಳೆಯೋ ಮ್ಯೂಸಿಕ್) ಜೋಡಿಯ ಬಗ್ಗೆ ಇಲ್ಲಿ ಹೇಳ್ಲೇಬೇಕು, ಹಳೇ ಆಂಪ್ ಕಂಪನಿಯ ಹೆಸರನ್ನೇ ಇಟ್ಕೊಂಡು 1998ರಲ್ಲಿ ಶುರು ಮಾಡಿದೋರು. ಡ್ರಮ್ ಇಲ್ಲ, ಬೀಟ್ ಇಲ್ಲ, ಮೈತುಂಬ ನಿಲುವಂಗಿ, ಸ್ಟೇಜ್ ತುಂಬ ಹೊಗೆ, ಹಿಂದೆ ಗೋಡೆ ಥರ ಆಂಪ್‌ಗಳು, ಒಂದು ಕಾರ್ಡ್ ಹೊಡೆದು ಅದು ಸಾಯೋವರೆಗೂ ಬಿಡ್ತಾರೆ. ಹೆಡ್‌ಫೋನ್‌ನಲ್ಲಿ ಇದನ್ನ ಕೇಳಿ ಏನಿದೆ ಇದ್ರಲ್ಲಿ ಅಂದೋರನ್ನ ನಾನು ತಪ್ಪು ಅನ್ನಲ್ಲ. ಇದು ಮೈಗೆ ಮಾಡಿದ ಮ್ಯೂಸಿಕ್ಕು. ಈ ಥರದ ಡ್ರೋನ್ ಶೋನಲ್ಲಿ ಅಂಗಿ ತೋಳು ತಾನಾಗೇ ನಡುಗ್ತಿರುತ್ತೆ, ಹಲ್ಲು ಕಚ್ಚಿ ಹಿಡಿದ್ರೆ ದವಡೆಯೊಳಗೆ ನೋಟ್ ಬದಲಾಗಿದ್ದು ಗೊತ್ತಾಗುತ್ತೆ. ಬ್ಯಾರಿಕೇಡ್‌ನಲ್ಲಿ ಇದು ಬರೀ ಒತ್ತಡ, ನಡುವಲ್ಲಿ ನಿಂತ್ರೆ ಅದಕ್ಕೊಂದು ಆಕಾರ ಇದೆ.

ಡೆಸ್ಕ್‌ಗೂ ಒಂದು ಮಿತಿ ಇದೆ. ಸದ್ದು ಒಂದು ಸೆಕೆಂಡ್‌ಗೆ 343 ಮೀಟರ್ ಹೋಗುತ್ತೆ. ಡೆತ್ ಮೆಟಲ್ ಡ್ರಮ್ಮರ್ 200 ಟೆಂಪೋದಲ್ಲಿ (ನಿಮಿಷಕ್ಕೆ 200 ಬೀಟ್) ಬೀಟ್‌ಗೆ ನಾಲ್ಕರಂತೆ ಎರಡೂ ಕಾಲಲ್ಲಿ ಡಬಲ್ ಕಿಕ್ ಓಡಿಸ್ತಿದ್ರೆ ಎರಡು ಪೆಟ್ಟಿನ ಮಧ್ಯೆ ಸೆಕೆಂಡಿನ ನೂರರಲ್ಲಿ ಏಳೂವರೆ ಭಾಗ ಅಷ್ಟೆ. ಅಂದ್ರೆ ಸ್ಟೇಜ್‌ನಿಂದ 26 ಮೀಟರ್ ದೂರ ನಿಂತೋರಿಗೆ ಕಣ್ಣಿಗೆ ಕಾಣೋ ಪೆಟ್ಟಿಗೂ ಕಿವಿಗೆ ಬೀಳೋ ಪೆಟ್ಟಿಗೂ ಪೂರ್ತಿ ಒಂದು ನೋಟ್ ವ್ಯತ್ಯಾಸ! ದೊಡ್ಡ ಮೈದಾನಗಳಲ್ಲಿ ಡೆಸ್ಕ್ ಇದಕ್ಕಿಂತ ದೂರನೇ ಇರುತ್ತೆ, ಗಾಳಿ ಬೀಸಿದ್ರೆ ಸಿಂಬಲ್‌ನ ಸದ್ದು ಬಂದು ಬಂದು ಹೋಗುತ್ತೆ, ಕಿಕ್ ಎಲ್ಲ ಸೇರ್ಕೊಂಡು ಒಂದೇ ಗುಡುಗಾಗುತ್ತೆ. ಹಾಗಾಗಿ ಡೆತ್ ಮೆಟಲ್‌ನ ನಾನು ಸಣ್ಣ ಜಾಗದಲ್ಲೇ ಕೇಳೋದು, ಡ್ರಮ್ಮರ್ ಕಾಲು ಕಾಣೋ ಕಡೆ. ಮೈದಾನಕ್ಕೆ ಒಪ್ಪೋದು ಮೇಡನ್, ಜೂಡಸ್ ಪ್ರೀಸ್ಟ್ ಥರದ ಹಳೇ ಹೆವಿ ಮೆಟಲ್ಲು, ದೊಡ್ಡ ಕೋರಸ್ಸು, ಜನ ಒಟ್ಟಿಗೆ ಹಾಡೋಕೆ ಜಾಗ ಇರೋ ಹಾಡುಗಳು. ಬ್ಲ್ಯಾಕ್ ಮೆಟಲ್ ಹಗಲು ಹೊತ್ತಲ್ಲಿ ಬಿಸಿಲಿಗೆ ನಿಂತು ಕೇಳೋದು ನನಗೆ ಆಗಿಬರಲ್ಲ, ಎಷ್ಟೇ ಒಳ್ಳೆ ಬ್ಯಾಂಡ್ ಆಗ್ಲಿ.

ಬಾಲ್ಕನಿ ಸೀಟು ಅಂತಲೂ ಇರುತ್ತೆ. ಲೈಟ್ ಶೋ ಚೆನ್ನಾಗಿ ಕಾಣುತ್ತೆ, ಅಷ್ಟೆ, ಕೂತ್ಕೊಂಡು ಮೆಟಲ್ ಕೇಳೋಕೆ ಮನೆ ಇದೆಯಲ್ಲ.

ಮನೆ ಅಂದ್ಮೇಲೆ ಸ್ಟ್ರೀಮ್ ಬಗ್ಗೆನೂ ಒಂದು ಮಾತು. 2025ರ ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್‌ನ ಮೊದಲಿನ ನಾಲ್ಕೂ ಜನ ಕೊನೇ ಸಲ ಒಟ್ಟಿಗೆ ನುಡಿಸಿದ್ದನ್ನ ನಾನು ನೋಡಿದ್ದು ಸ್ಕ್ರೀನ್‌ನಲ್ಲೇ. ಹಾಡುಗಾರ ಆಝಿ ಸಿಂಹಾಸನದ ಮೇಲೆ ಕೂತು ಹಾಡಿದ್ರು, ಕೈ ಎತ್ತಿ ಜನರನ್ನ ಕುಣಿಸೋ ಚಾಳಿ ಮಾತ್ರ ಬಿಟ್ಟಿರ್ಲಿಲ್ಲ, 17 ದಿನಕ್ಕೆ ತೀರ್ಕೊಂಡ್ರು. ಮಿಕ್ಸ್ ಲೆಕ್ಕದಲ್ಲಿ ಸ್ಟ್ರೀಮ್‌ಗೆ ಯಾವ ಜಾಗನೂ ಸಾಟಿ ಇಲ್ಲ, ಪ್ರತಿ ಗಿಟಾರೂ ಸ್ಪಷ್ಟ, ಕ್ಲೋಸಪ್ ಬೇರೆ. ಕಣ್ಣಲ್ಲಿ ನೀರು ಬಂತು ನಿಜ, ಆದ್ರೆ ಅಯೋಮಿಯ ಆ ಕೆಳಗಿನ ತಂತಿ ಎದೆಗೆ ತಾಗ್ಲಿಲ್ಲ. ಹೆವಿ ಅನ್ನೋದರ ಅರ್ಧ ಅಲ್ಲೇ ಇರೋದು.

ಎಲ್ಲೇ ನಿಲ್ಲಿ, ಇಯರ್‌ಪ್ಲಗ್ ಇಲ್ದೆ ನಿಲ್ಬೇಡಿ, ಇದನ್ನ ಕೈಮುಗಿದು ಹೇಳ್ತೀನಿ. ಕೆಲಸದ ಜಾಗಗಳಿಗೆ ಅಮೆರಿಕದ ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಸ್ಥೆ ನಿಯೋಶ್ ಹಾಕಿರೋ ಲೆಕ್ಕ 85 ಡೆಸಿಬೆಲ್‌ಗೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಟೈಮ್ ಅರ್ಧ, ಹಾಗೆ ಹೋದ್ರೆ 100 ಡೆಸಿಬೆಲ್‌ಗೆ ಕಾಲು ಗಂಟೆ. ಮೆಟಲ್ ಶೋ 100 ದಾಟೋದು ಮಾಮೂಲು, ಅಂದ್ರೆ ಓಪನಿಂಗ್ ಬ್ಯಾಂಡ್ ಮುಗಿಸೋ ಹೊತ್ತಿಗೇ ಆ ದಿನದ ಕೋಟಾ ಮುಗಿದಿರುತ್ತೆ. ಪ್ಲಗ್‌ನಲ್ಲೂ ಎರಡೂ ಥರ ಹಾಕಿ ನೋಡಿದೀನಿ. ಹಿಸುಕಿ ತುರುಕೋ ಫೋಮ್‌ನದ್ದು ಸದ್ದನ್ನ ಚೆನ್ನಾಗಿ ತಡೆಯುತ್ತೆ, ಆದ್ರೆ ಮೇಲಿನ ಫ್ರೀಕ್ವೆನ್ಸಿಗಳನ್ನ ಜಾಸ್ತಿ ನುಂಗಿಬಿಡುತ್ತೆ, ಸಿಂಬಲ್ ಸತ್ತು ಗಿಟಾರ್‌ನ ಅಂಚು ಮೊಂಡಾಗುತ್ತೆ. ಫಿಲ್ಟರ್ ಇರೋ ಸಿಲಿಕೋನ್‌ದು ಹತ್ರಹತ್ರ ಎಲ್ಲವನ್ನೂ ಒಂದೇ ಸಮ ತಗ್ಗಿಸುತ್ತೆ, ಹಾಡು ಹಾಡಿನ ಹಾಗೇ ಇರುತ್ತೆ. ನಾನು ಪಿಟ್‌ಗೆ ಫೋಮ್, ಬಿದ್ದು ಹೋದ್ರೂ ಚಿಂತೆ ಇಲ್ಲ, ಸ್ಪೇರ್ ಜೇಬಲ್ಲಿರುತ್ತೆ. ಡೆಸ್ಕ್‌ಗೆ ಸಿಲಿಕೋನ್. ಬ್ಯಾರಿಕೇಡ್‌ಗೂ ಫೋಮೇ, ಸಬ್ ಪಕ್ಕದಲ್ಲೇ ಇರುತ್ತಲ್ಲ. ಹತ್ತಿ ತುರುಕಿಕೊಂಡು ಬರೋರನ್ನ ಈಗ್ಲೂ ನೋಡ್ತೀನಿ, ಅದರಿಂದ ಹೆಚ್ಚೇನೂ ಉಪಯೋಗ ಇಲ್ಲ.

ಒಂದೇ ದಿನಕ್ಕೆ ನಾಲ್ಕೈದು ಬ್ಯಾಂಡ್ ಇರೋ ಶೋ ಆದ್ರೆ ಜಾಗ ಬದಲಾಯಿಸ್ತಾ ಹೋಗೋದೇ ಒಳ್ಳೇದು. ಗೊತ್ತಿಲ್ಲದ ಬ್ಯಾಂಡ್‌ನ ಡೆಸ್ಕ್ ಹತ್ರ ಕೇಳಿ, ಹೊಸ ಹಾಡು ಅರ್ಥ ಆಗೋದು ಅಲ್ಲೇ. ಥ್ರ್ಯಾಶ್ ಬಂದ್ರೆ ಲೇಸ್ ಬಿಗಿ ಮಾಡ್ಕೊಂಡು ಮುಂದಕ್ಕೆ. ಡೂಮ್ ಇದ್ರೆ ವಾಪಸ್ ನಡುವಿಗೆ. ಮೇನ್ ಬ್ಯಾಂಡ್ ನಿಮ್ಮ ಪ್ರಾಣ ಅನ್ನೋ ಹಾಗಿದ್ರೆ ಅದಕ್ಕೆ ಮುಂಚಿನ ಸೆಟ್ ಮುಗೀತಿದ್ದಂಗೆ ಜನ ನೀರು ಕುಡಿಯೋಕೆ ಹಿಂದೆ ಬರ್ತಾರೆ ನೋಡಿ, ಆ ಗ್ಯಾಪ್‌ನಲ್ಲಿ ಮುಂದೆ ಹೋಗ್ಬಿಡಿ, ಅದರಲ್ಲೂ ಸ್ಟೇಜ್‌ನ ತೀರಾ ಮೂಲೆ ಬಿಟ್ಟು ನಡುವಿಗೆ ಹತ್ರ ಇರೋ ಕಡೆ.