ಫ್ರಾನ್ಜ್ ಜೋಸೆಫ್, ಫಾಕ್ಸ್, ಟಾಸ್ಮನ್: ವ್ಯಾನಿನಲ್ಲಿ ಹೋಗುವ ಜೋಡಿಗೆ ಯಾವ ಹಿಮನದಿ?

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಹಿಮನದಿ ನೋಡಲು ಹೊರಟರೆ ಮೂರು ಹೆಸರು ಕಿವಿಗೆ ಬೀಳುತ್ತವೆ. ಪಶ್ಚಿಮ ಕರಾವಳಿಯ ಫ್ರಾನ್ಜ್ ಜೋಸೆಫ್, ಅದರ ಪಕ್ಕದ ಫಾಕ್ಸ್, ಬೆಟ್ಟಸಾಲಿನ ಆಚೆ ಬದಿಯ ಟಾಸ್ಮನ್. ನಾನೂ ನಮ್ಮವರೂ ಒಂದೇ ಪ್ರವಾಸದಲ್ಲಿ ಮೂರನ್ನೂ ನೋಡಿದೆವು. ರಜೆ ಕಮ್ಮಿ ಇದೆ, ಒಂದೇ ಕಡೆ ಹೋಗಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಟಾಸ್ಮನ್ ಇರುವ ಮೌಂಟ್ ಕುಕ್ ಕಡೆ. ಚೆಂದದ ಲೆಕ್ಕದಲ್ಲಿ ಅಲ್ಲ, ಚೆಂದದಲ್ಲಿ ಫ್ರಾನ್ಜ್ ಜೋಸೆಫೇ ಮುಂದೆ. ವ್ಯಾನಿನಲ್ಲಿ ಹೋಗುವವರಿಗೆ ಹೊಂದುವುದು ಯಾವುದು ಅನ್ನುವ ಲೆಕ್ಕದಲ್ಲಿ.

ನಕ್ಷೆಯಲ್ಲಿ ಫ್ರಾನ್ಜ್ ಜೋಸೆಫೂ ಮೌಂಟ್ ಕುಕ್ಕೂ ಪಕ್ಕಪಕ್ಕದಲ್ಲೇ ಕಾಣುತ್ತವೆ. ಅದನ್ನು ನಂಬಿ ದಿನ ಹಾಕಿಕೊಳ್ಳಬೇಡಿ. ಮಧ್ಯೆ ಸದರ್ನ್ ಆಲ್ಪ್ಸ್ ಬೆಟ್ಟಸಾಲು ಅಡ್ಡ ಇದೆ, ನೇರ ರಸ್ತೆ ಇಲ್ಲ. ಫ್ರಾನ್ಜ್ ಜೋಸೆಫಿನಿಂದ ಹಾಸ್ಟ್ ಪಾಸ್, ವಾನಾಕಾ ಸುತ್ತಿಕೊಂಡು ಮೌಂಟ್ ಕುಕ್ ಊರಿಗೆ ಬರಲು ಹತ್ತಿರ ಹತ್ತಿರ 500 ಕಿ.ಮೀ. ಆಗುತ್ತದೆ. ಒಂದು ಇಡೀ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ಕರಾವಳಿ ಕಡೆ ಒಂದೇ ಗಾಡಿ ಹಿಡಿಸುವ ಸೇತುವೆಗಳು ಸಾಲುಸಾಲು ಬರುತ್ತವೆ. ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು.

ಮೊದಲು ಪಶ್ಚಿಮ ಕರಾವಳಿಯ ಜೋಡಿ. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೆ ರಾಶಿ ರಾಶಿ ಹಿಮ ಸುರಿಸುತ್ತದೆ. ಆ ಹಿಮವೆಲ್ಲ ಒತ್ತಿ ಮಂಜುಗಡ್ಡೆಯಾಗಿ, ಕಡಿದಾದ ಇಕ್ಕಟ್ಟು ಕಣಿವೆಯಲ್ಲಿ ಕೆಳಗೆ ನುಗ್ಗುತ್ತದೆ. ಅದಕ್ಕೇ ಫ್ರಾನ್ಜ್ ಜೋಸೆಫ್ ಸಮುದ್ರದಿಂದ 20 ಕಿ.ಮೀ. ಆಸುಪಾಸಿನವರೆಗೂ, ಹಸಿರು ಮಳೆಕಾಡಿನ ಮಗ್ಗುಲಿಗೇ ಬಂದು ನಿಂತಿದೆ. ಜರೀಗಿಡಗಳ ಮಧ್ಯೆ ನಿಂತು ತಲೆಯೆತ್ತಿದರೆ ಮೇಲೆ ಬಿಳೀ ಮಂಜುಗಡ್ಡೆ. ಈ ನೋಟ ಟಾಸ್ಮನ್ ಕಡೆ ಸಿಗಲ್ಲ.

ತೊಂದರೆ ಏನಂದರೆ, ಇದು ಈಗ ದೂರದಿಂದ ನೋಡುವ ಹಿಮನದಿ. ಹಿಂದೆ ಕಣಿವೆಯಿಂದ ಗೈಡ್ ಜೊತೆ ನಡೆದೇ ಮಂಜುಗಡ್ಡೆ ಹತ್ತಬಹುದಿತ್ತು. ಹಿಮನದಿಯ ಕೆಳತುದಿ ಕುಸಿದು ಹಿಂದೆ ಸರಿದದ್ದರಿಂದ ಫ್ರಾನ್ಜ್ ಜೋಸೆಫಿನಲ್ಲಿ 2012ರಲ್ಲಿ, ಫಾಕ್ಸಿನಲ್ಲಿ 2014ರಲ್ಲಿ ಅದು ನಿಂತುಹೋಯಿತು. ಫಾಕ್ಸ್ ಕಣಿವೆಗೆ ಹೋಗುವ ರಸ್ತೆಯನ್ನೇ 2019ರ ಮಳೆ, ಭೂಕುಸಿತ ನುಂಗಿಹಾಕಿದವು. ಈಗ ನದಿಯ ದಕ್ಷಿಣ ದಡದ ದಾರಿಯಲ್ಲಿ ನಡೆದು, ಕಣಿವೆಯ ತುದಿಯಲ್ಲಿ ಕಾಣುವಷ್ಟನ್ನು ನೋಡಬೇಕು. ನಡಿಗೆ ಸೊಗಸಾಗಿದೆ, ಹಿಮನದಿ ಮಾತ್ರ ಬಹಳ ದೂರ. ಫಾಕ್ಸ್ ಊರಿಗೆ ಹೋಗುವುದಾದರೆ ಮ್ಯಾಥಿಸನ್ ಸರೋವರಕ್ಕಾಗಿ ಹೋಗಿ, ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ. ಕಾಡಿನ ಎಲೆ ಕೊಳೆತು ಕಂದಾದ ನೀರಿನಲ್ಲಿ ಮೌಂಟ್ ಕುಕ್ ತಲೆಕೆಳಗಾಗಿ ಕಾಣುತ್ತದೆ.

ಮಂಜುಗಡ್ಡೆ ಮುಟ್ಟಬೇಕು ಅಂದರೆ ಈ ಎರಡೂ ಕಡೆ ಹೆಲಿಕಾಪ್ಟರೇ ಗತಿ. ಒಬ್ಬೊಬ್ಬರಿಗೆ ನೂರಾರು ಡಾಲರ್. ನಾವು ಫ್ರಾನ್ಜ್ ಜೋಸೆಫಿನಲ್ಲಿ ಇಳಿದು, ಬೂಟಿಗೆ ಮುಳ್ಳಿನ ಕ್ರ್ಯಾಂಪನ್ ಕಟ್ಟಿಕೊಂಡು ನಡೆದೆವು. ಆ ನೀಲಿಯನ್ನು ನಾನು ಮರೆಯಲಾರೆ. ಗೈಡ್ ಗುದ್ದಲಿಯಲ್ಲಿ ಮೆಟ್ಟಿಲು ಕಡಿಯುತ್ತಾ ಮುಂದೆ ಹೋಗುತ್ತಿದ್ದರು. ಕಡಿದ ಚೂರು ಬಿಳಿ, ಆ ಗುಳಿಯೊಳಗೆ ಮಾತ್ರ ತಿಳಿ ನೀಲಿ. ಒತ್ತಡಕ್ಕೆ ಗಾಳಿಗುಳ್ಳೆಗಳೆಲ್ಲ ಹಿಂಡಿ ಹೋದ ಮಂಜುಗಡ್ಡೆ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಉಳಿಸುತ್ತದೆ. ಗೋಡೆಗೆ ಕೈ ಇಟ್ಟರೆ ಗ್ಲೌಸಿನೊಳಗೂ ತಣ್ಣಗೆ ನೀರು ಇಳಿಯುತ್ತಿತ್ತು.

ಆದರೆ ಅಲ್ಲಿಗೆ ಹಾರುವ ಮೊದಲು ನಾವು ಕಾದದ್ದು ಮೋಡಕ್ಕೆ. ಹಿಮವನ್ನು ಕೊಡುವ ಅದೇ ಗಾಳಿ ಹೆಲಿಕಾಪ್ಟರನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ಆ ಹೊತ್ತೆಲ್ಲ ನಮ್ಮ ವ್ಯಾನು ಊರಿನ ಹಾಲಿಡೇ ಪಾರ್ಕಿನಲ್ಲಿ ಕರೆಂಟಿನ ವೈರು ಸಿಕ್ಕಿಸಿಕೊಂಡು ನಿಂತಿತ್ತು. ಸುತ್ತ ಬೇರೆ ವ್ಯಾನುಗಳು, ಮೇಲೆ ಮಳೆ, ಬಾಗಿಲು ತೆಗೆದರೆ ಕಚ್ಚುವ ಸ್ಯಾಂಡ್‌ಫ್ಲೈ. ಹಿಮನದಿ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂಥ ಕಡೆ ಹೋಟೆಲ್ ರೂಮೇ ಸುಖ, ಅಲ್ವಾ?

ಮೌಂಟ್ ಕುಕ್ ಕಡೆ ಇದು ಪೂರ್ತಿ ಉಲ್ಟಾ. ಪುಕಾಕಿ ಸರೋವರದ ದಂಡೆಯಲ್ಲಿ 55 ಕಿ.ಮೀ. ಓಡಿಸಿದರೆ ರಸ್ತೆ ಬೆಟ್ಟದ ಬುಡದಲ್ಲೇ ಮುಗಿಯುತ್ತದೆ. ಅಲ್ಲಿನ ಸಂರಕ್ಷಣಾ ಇಲಾಖೆಯ ವೈಟ್ ಹಾರ್ಸ್ ಹಿಲ್ ಕ್ಯಾಂಪಿನಲ್ಲಿ ವ್ಯಾನು ನಿಲ್ಲಿಸಿದೆವು. ಕರೆಂಟಿಲ್ಲ, ರಾತ್ರಿ ಚಳಿ ಜಾಸ್ತಿ. ಆದರೆ ಹಾಸಿಗೆಯಲ್ಲಿ ಕೂತು ಪರದೆ ಸರಿಸಿದರೆ ಎದುರಿಗೇ 3,151 ಮೀಟರ್ ಎತ್ತರದ ಮೌಂಟ್ ಸೆಫ್ಟನ್, ಅದರ ಹೆಗಲಿನಿಂದ ನೇತಾಡುವ ಮಂಜುಗಡ್ಡೆ. ನಡುರಾತ್ರಿ ಗುಡುಗಿದ ಸದ್ದಿಗೆ ಇಬ್ಬರಿಗೂ ಎಚ್ಚರವಾಯಿತು. ಆಕಾಶದ ತುಂಬ ನಕ್ಷತ್ರ, ಮೋಡವೇ ಇಲ್ಲ. ಸೆಫ್ಟನ್ ಮೇಲಿನ ಮಂಜುಗಡ್ಡೆ ಕಳಚಿ ಬೀಳುವ ಸದ್ದು ಅದು. ಇಲ್ಲಿ ಹವೆ ಕೆಟ್ಟರೂ ಕಾಯುವುದು ಹಿಂಸೆ ಅನ್ನಿಸಲ್ಲ. ಚಹಾ ಕಾಯಿಸಿಕೊಂಡು ಕಿಟಕಿ ಪಕ್ಕ ಕೂತರೆ ಮೋಡ ಸರಿದಾಗಲೆಲ್ಲ ಒಂದೊಂದು ತುಂಡು ಬೆಟ್ಟ ಕಾಣುತ್ತದೆ. ವ್ಯಾನಿಗೆ ಅಷ್ಟೊಂದು ಬಾಡಿಗೆ ಕೊಡುವುದೇ ಇದಕ್ಕೆ.

ಟಾಸ್ಮನ್ ಮಾತ್ರ ಮೊದಲ ನೋಟಕ್ಕೆ ನಿರಾಸೆ ಮಾಡುತ್ತದೆ, ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಟಾಸ್ಮನ್ ಕಣಿವೆ ರಸ್ತೆಯ ಕೊನೆಯಿಂದ ಮುನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿ ವ್ಯೂಪಾಯಿಂಟಿಗೆ ಬಂದರೆ ಬಿಳಿ ಎಲ್ಲೂ ಇಲ್ಲ. ರಸ್ತೆ ಕೆಲಸಕ್ಕೆ ಸುರಿದ ಜಲ್ಲಿ ರಾಶಿಯ ಹಾಗೆ ಬೂದು ಬಣ್ಣ. ನಮ್ಮವರು "ಹಿಮನದಿ ಎಲ್ಲೇ?" ಅಂದರು. ಅದೇ ಹಿಮನದಿ, ದೇಶದಲ್ಲೇ ಉದ್ದದ್ದು, ಸುಮಾರು 23 ಕಿ.ಮೀ. ಇಳಿಜಾರು ಕಮ್ಮಿ ಇರುವುದರಿಂದ ನಿಧಾನಕ್ಕೆ ಹರಿಯುತ್ತದೆ, ಬೆಟ್ಟದಿಂದ ಉದುರಿದ ಕಲ್ಲೆಲ್ಲ ಮೈಮೇಲೆ ಕೂತಿರುತ್ತದೆ. ಎದುರಿಗಿರುವ ಸರೋವರ 1970ರ ದಶಕದ ಆರಂಭದಲ್ಲಿ ಇರಲೇ ಇಲ್ಲ. ಹಿಮನದಿ ಕರಗಿ ಹಿಂದೆ ಸರಿದು ಬಿಟ್ಟ ಜಾಗವೇ ಸರೋವರವಾಗಿದೆ. ಇದನ್ನು ತಿಳಿದ ಮೇಲೆ ನೋಟವೇ ಬದಲಾಯಿತು, ಸುಮಾರು ಹೊತ್ತು ಇಬ್ಬರೂ ಅಲ್ಲೇ ನಿಂತೆವು. ನಾನು ಹುಟ್ಟುವ ಸ್ವಲ್ಪ ಮುಂಚಿನವರೆಗೂ ಅಲ್ಲೆಲ್ಲ ಮಂಜುಗಡ್ಡೆ ಇತ್ತು ಅನ್ನುವುದು ಸಂಕಟದ ವಿಷಯ. ದಾರಿಯಲ್ಲಿ ಸಿಗುವ ಬ್ಲೂ ಲೇಕ್ಸ್ ಕೂಡ ಈಗ ಹಸಿರು. ಹಿಮನದಿಯ ನೀರು ಬರುವುದು ನಿಂತು ಮಳೆನೀರಷ್ಟೇ ತುಂಬುತ್ತದೆ.

ಇಲ್ಲಿ ದುಡ್ಡು ಹಾಕುವುದಾದರೆ ಸರೋವರದ ಬೋಟಿಗೆ ಹಾಕಿ. ಹೆಲಿಕಾಪ್ಟರಿಗಿಂತ ಎಷ್ಟೋ ಅಗ್ಗ. ತೇಲುವ ಮಂಜುಗಡ್ಡೆಯ ಮಧ್ಯೆ ಬೋಟು ನಿಲ್ಲಿಸಿ ಗೈಡ್ ಒಂದು ತುಂಡನ್ನು ನೀರಿನಿಂದ ಎತ್ತಿಕೊಟ್ಟರು. ಗಾಜಿನಷ್ಟು ಪಾರದರ್ಶಕ. ಆದರೆ ಅದು ತೇಲುತ್ತಿದ್ದ ನೀರು, ಬಂಡೆ ಅರೆದ ಹಿಟ್ಟು ತುಂಬಿ ಹಾಲು ಬೆರೆಸಿದ ಬೂದಿ ಬಣ್ಣ. 2011ರ ಫೆಬ್ರವರಿಯ ಕ್ರೈಸ್ಟ್‌ಚರ್ಚ್ ಭೂಕಂಪಕ್ಕೆ ಈ ಹಿಮನದಿಯಿಂದ 3 ಕೋಟಿ ಟನ್ ಮಂಜುಗಡ್ಡೆ ಕಳಚಿ ಸರೋವರಕ್ಕೆ ಬಿದ್ದಿತ್ತಂತೆ.

ಖರ್ಚೇ ಬೇಡ ಅಂದರೆ ಹೂಕರ್ ಕಣಿವೆಯ ದಾರಿ ಕ್ಯಾಂಪಿನ ಬಾಗಿಲಿಂದಲೇ ಶುರು. 2025ರಲ್ಲಿ ಎರಡನೇ ತೂಗುಸೇತುವೆ ಮುಚ್ಚಿದ್ದರಿಂದ ಮೇಲಿನ ಭಾಗಕ್ಕೆ ಹೋಗಲಾಗುತ್ತಿರಲಿಲ್ಲ. ಹೊರಡುವ ಮೊದಲು ಇಲಾಖೆಯ ವೆಬ್‌ಸೈಟ್ ನೋಡಿಕೊಳ್ಳಿ. ಮ್ಯೂಲರ್ ಸರೋವರ ಕಾಣುವ ಜಾಗದವರೆಗೆ ನಡೆದರೂ ಸಾರ್ಥಕ.

ವ್ಯಾನಿನ ವಿಷಯ ಎರಡು ಮಾತು. ಸಿಕ್ಕಸಿಕ್ಕಲ್ಲಿ ರಾತ್ರಿ ನಿಲ್ಲಿಸುವಂತಿಲ್ಲ. ಒಳಗೇ ಗಟ್ಟಿಯಾಗಿ ಕೂರಿಸಿದ ಟಾಯ್ಲೆಟ್ ಇದ್ದು, ಸೆಲ್ಫ್ ಕಂಟೈನ್ಡ್ ಅನ್ನುವ ಹಸಿರು ಕಾರ್ಡ್ ಇರುವ ವ್ಯಾನೇ ತಗೊಳ್ಳಿ. ದಂಡ 400 ಡಾಲರಿನಿಂದ ಶುರುವಾಗುತ್ತದೆ. ಡೀಸೆಲ್ ವ್ಯಾನಾದರೆ ಪಂಪಿನ ರೇಟು ನೋಡಿ ಅಗ್ಗ ಅಂದುಕೊಳ್ಳಬೇಡಿ, ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಬೇರೆ ಇದೆ. ಎರಡೂ ಕಡೆ ಕಿಯಾ ಗಿಳಿ ಕಂಡರೆ ಕಿಟಕಿಯ ರಬ್ಬರು ಕಿತ್ತೀತು, ಕಣ್ಣಿಟ್ಟಿರಿ. ತಿನ್ನಲು ಮಾತ್ರ ಏನೂ ಹಾಕಬೇಡಿ.

ನಮ್ಮವರು ಇವತ್ತಿಗೂ ಫ್ರಾನ್ಜ್ ಜೋಸೆಫ್ ಪಕ್ಷ. ಮಂಜುಗಡ್ಡೆಯ ಮೇಲೆ ಕಾಲಿಡದೆ ಹಿಮನದಿ ನೋಡಿದೆ ಅನ್ನುವುದು ಅವರಿಗೆ ಒಪ್ಪಿಗೆಯಿಲ್ಲ. ನಿಮಗೂ ಹಾಗೇ ಅನ್ನಿಸಿದರೆ, ದುಡ್ಡಿನ ಜೊತೆಗೆ ಎರಡು ದಿನ ಹೆಚ್ಚುವರಿ ಇದ್ದರೆ, ಮೊದಲು ಅಲ್ಲಿಗೆ ಹೋಗಿ. ಮೋಡ ಬಿಡದಿದ್ದರೆ ಹಾಸ್ಟ್ ಮೇಲಿಂದ ಮೌಂಟ್ ಕುಕ್ ಕಡೆ ಬನ್ನಿ. ಬೋಟಿನ ಆಸೆ ಇದ್ದರೆ ಸೆಪ್ಟೆಂಬರಿನಿಂದ ಮೇ ತಿಂಗಳೊಳಗೆ ಬನ್ನಿ, ಚಳಿಗಾಲದಲ್ಲಿ ಬೋಟ್ ಇರುವುದಿಲ್ಲ.